ಬೆನಿಫಿಷಿಯರಿ ಅಂದರೆ ನೀನೇ ಕಣೆ

ಓದಲು ಬಾರದವರ ಫೋನಿಗೆ ಇಂಗ್ಲಿಷಿನಲ್ಲೇ ಮೆಸೇಜು ಯಾಕೆ ಕಳಿಸುತ್ತಾರೆ ಎಂದು ನಾನು ಯಾರನ್ನು ಕೇಳಲಿ? ಮಧುಗಿರಿ ಬೆಟ್ಟದ ಬುಡದಲ್ಲಿರುವ ನಮ್ಮ ಬೀದಿಯಲ್ಲಿ ಇಂಗ್ಲಿಷ್ ಬಲ್ಲ, ಹಗಲೆಲ್ಲ ಮನೆಯಲ್ಲೇ ಸಿಗುವ, ಆಗುವುದಿಲ್ಲ ಎನ್ನಲು ನಾಲಗೆ ಏಳದ ಪ್ರಾಣಿ ನಾನೊಬ್ಬಳೇ. ಊಟ ಮುಗಿಸಿ ಕಾಲು ಚಾಚುವುದಕ್ಕೂ ಗೇಟು ಕಿರ್ರೆನ್ನುವುದಕ್ಕೂ ಸರಿಹೋಗುತ್ತದೆ. "ಅಮ್ಮಾರೆ, ಇದೇನೋ ಬಂದೈತೆ, ವಸಿ ನೋಡಿ." ರೀಚಾರ್ಜು ಮುಗಿಯಿತೆಂಬ ಎಚ್ಚರಿಕೆ, ಚಿನ್ನದ ಅಂಗಡಿಯ ಆಫರು, ಗ್ಯಾಸ್ ಬುಕ್ ಆಯಿತೆಂಬ ಸುದ್ದಿ. ಎಲ್ಲವನ್ನೂ ನಾನು ಕನ್ನಡಕ ಏರಿಸಿ ಪೂರ್ತಿ ಓದಿ, ಆಮೇಲೆ ಕನ್ನಡದಲ್ಲಿ ಅರ್ಥ ಹೇಳಬೇಕು. ಅರ್ಥ ಹೇಳಿದ ಮೇಲೆ "ಅಷ್ಟೇನಾ?" ಎಂದು ನನ್ನನ್ನೇ ತಪ್ಪಿತಸ್ಥೆಯ ಹಾಗೆ ನೋಡಿ ಹೊರಡುತ್ತಾರೆ.

ನಿಜ ಹೇಳಬೇಕೆಂದರೆ ಈ ಗೊಣಗಾಟದಲ್ಲಿ ಅರ್ಧ ಸುಳ್ಳು. ಒಳಗೊಳಗೆ ನನಗದು ಇಷ್ಟವೇ ಆಗಿತ್ತು. ನನ್ನ ತಂದೆ ಕೊಳಾಲದ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದಾಗ, ಹೆಣ್ಣುಮಗು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಏಳನೆಯ ವಯಸ್ಸಿಗೇ ದೂರದ ಕಾನ್ವೆಂಟ್ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಎಲೊಕ್ಯೂಷನ್ ಕ್ಲಾಸಿನಲ್ಲಿ ಒಬ್ಬರು ಸಿಸ್ಟರ್ ಹಾಲಿನ ಆ ತುದಿಯಲ್ಲಿ ನಿಂತು, "ಲೌಡ್ ಅಂಡ್ ಕ್ಲಿಯರ್, ಚೈಲ್ಡ್! ದ ಲಾಸ್ಟ್ ಬೆಂಚ್ ಮಸ್ಟ್ ಹಿಯರ್ ಯು" ಎನ್ನುತ್ತಿದ್ದರು. ನಾನು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದೆ. ಎರಡು ಸಲ ಪ್ರೈಜೂ ಬಂದಿತ್ತು. ಆಮೇಲೆ ಮದುವೆ, ಮಧುಗಿರಿ, ಅಡುಗೆಮನೆ. ಆ ಇಂಗ್ಲಿಷನ್ನು ಆಡುವುದಕ್ಕೆ ಒಂದು ಜೀವವೂ ಸಿಗಲಿಲ್ಲ. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ನನ್ನ ಯಜಮಾನರಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು "ದ ಸೇಡ್ ಪ್ರಾಪರ್ಟಿ", "ದ ಅಬೌ ನೇಮ್ಡ್ ರೆಸ್ಪಾಂಡೆಂಟ್" ಎಂಬ ಜಾತಿಯದು. ಅದರಲ್ಲಿ ಪ್ರೀತಿಯ ಮಾತಾಡಲಾಗುವುದಿಲ್ಲ. ಹೀಗೆ ನಲವತ್ತು ವರ್ಷ ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ನನ್ನ ಇಂಗ್ಲಿಷಿಗೆ ಕೊನೆಗೆ ಗಿರಾಕಿಗಳು ಸಿಕ್ಕಿದ್ದು ಈ ಮೊಬೈಲು ಬಂದ ಮೇಲೆ.

ಅವರಲ್ಲಿ ಕಾಯಂ ಗಿರಾಕಿ ನಮ್ಮ ಹಿಂದಿನ ಮನೆಯವಳು. ಪಾವಗಡದ ಕಡೆ ನಿಡುಗಲ್ಲಿನಿಂದ ಮದುವೆಯಾಗಿ ಬಂದವಳು. ಅವಳ ಕನ್ನಡದಲ್ಲಿ ಈಗಲೂ ನಾಲ್ಕು ಮಾತಿಗೊಂದು ತೆಲುಗು. ಗಂಡ ತೀರಿ ಬಹಳ ಕಾಲವಾಯಿತು. ವಿಧವಾ ಪಿಂಚಣಿ ಬರುತ್ತದೆ. ಸುಗ್ಗಿಯಲ್ಲಿ ಮಂಡಿಯವರಿಂದ ಹುಣಸೆಹಣ್ಣು ತಂದು, ಓಡು ಬಿಡಿಸಿ, ಕುಟ್ಟಿ ಬೀಜ ತೆಗೆದು ಕೊಡುತ್ತಾಳೆ. ನಮ್ಮ ಪರಿಚಯಕ್ಕೆ ಮೂವತ್ತು ವರ್ಷ. ನನಗಿಂತ ಎರಡು ವರ್ಷ ಚಿಕ್ಕವಳು, ಆದರೆ ಅವಳಿಗೆ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ.

ಆ ಹಲ್ಲಿನದೇ ಅವಳಿಗೊಂದು ಆಸೆ. ಹಲ್ಲು ಕಟ್ಟಿಸಿಕೊಳ್ಳಬೇಕು. ಪಾವಗಡದ ಹೆಣ್ಣಿಗೆ ಹುರಿದ ಕಡಲೆಕಾಯಿ ಅಗಿಯಲಾಗದಿದ್ದರೆ ಅದೂ ಒಂದು ಬಾಳೇ ಎಂದು ಅವಳ ವಾದ. ಎರಡು ವರ್ಷದಿಂದ ಪಿಂಚಣಿಗೆ ಕೈ ಹಾಕದೆ ಬ್ಯಾಂಕಿನಲ್ಲೇ ಬಿಟ್ಟಿದ್ದಳು. ಹಲ್ಲಿನ ಡಾಕ್ಟರು ಬಾಯಿಗೆ ಮೇಣದಂಥದ್ದೇನೋ ಒತ್ತಿ ಅಳತೆಯನ್ನೂ ತೆಗೆದುಕೊಂಡಿದ್ದರು. ಹಬ್ಬ ಕಳೆದು ಸೆಟ್ಟು ಕೊಡುವುದೆಂದು ಮಾತಾಗಿತ್ತು.

ಈಗ ಅವಳ ಹೆಬ್ಬೆಟ್ಟಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವರ್ಷಗಟ್ಟಲೆ ಹುಣಸೆಹುಳಿಯಲ್ಲಿ ಕೈಯಾಡಿಸಿ ಅವಳ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ತಿಂಗಳಿಗೊಮ್ಮೆ ಸೊಸೈಟಿಯಲ್ಲಿ ಅಕ್ಕಿ ರಾಗಿ ತರಲು ಹೋದರೆ ಅಲ್ಲಿನ ಮೆಷಿನ್ನು ಅವಳ ಹೆಬ್ಬೆಟ್ಟನ್ನು ಹೆಬ್ಬೆಟ್ಟೆಂದು ಒಪ್ಪುವುದೇ ಇಲ್ಲ. "ತಂಬ್ ಹತ್ತಲ್ಲ ಕಣಜ್ಜಿ, ಓಟಿಪಿ ಹಾಕ್ತೀನಿ" ಎನ್ನುತ್ತಾನೆ ಸೊಸೈಟಿಯವನು. ಅವಳ ಫೋನಿಗೆ ನಂಬರು ಬರುತ್ತದೆ. ಅವಳದನ್ನು ತೆಗೆದುಕೊಂಡು ನಮ್ಮ ಮನೆಗೆ ಓಡಿ ಬರುತ್ತಾಳೆ. ಸೊಸೈಟಿ ನಮ್ಮ ಮನೆಯ ಎದುರಿಗೇ. ನಾನು ಕಟ್ಟೆಯ ಮೇಲೆ ನಿಂತು, ಬೀದಿ ದಾಟಿ ಕೇಳುವ ಹಾಗೆ, ಆರು ಅಂಕಿಗಳನ್ನು ಲೌಡ್ ಅಂಡ್ ಕ್ಲಿಯರ್ ಆಗಿ ಓದುತ್ತೇನೆ. ಅವನು ಒತ್ತುತ್ತಾನೆ, ಅಕ್ಕಿ ಸಿಗುತ್ತದೆ. ಅಂಕಿಗಳ ಮುಂದೆ, "ಡು ನಾಟ್ ಶೇರ್ ದಿಸ್ ವಿತ್ ಎನಿಒನ್" ಎಂಬ ಸಾಲು ಪ್ರತಿ ಸಲವೂ ಇರುತ್ತದೆ. ಪ್ರತಿ ತಿಂಗಳು ಅದನ್ನು ನಾನು ಕಣ್ಣಾರೆ ಓದಿದ್ದೇನೆ, ಪ್ರತಿ ತಿಂಗಳು ಇಡೀ ಬೀದಿಗೆ ಶೇರ್ ಮಾಡಿದ್ದೇನೆ. ಓಟಿಪಿ ಎಂದರೆ ಕೂಗಿ ಹೇಳುವ ವಸ್ತು, ಹೇಳಿದರೆ ಸರ್ಕಾರದಿಂದ ಏನೋ ಒಳ್ಳೆಯದು ಸಿಗುತ್ತದೆ ಎಂದು ಅವಳಿಗೆ ಅಭ್ಯಾಸ ಮಾಡಿಸಿದ್ದು ಯಾರು? ಸಿಸ್ಟಮ್ಮು, ಮತ್ತು ನಾನು.

ಆ ದಿನ ಹನ್ನೊಂದು ಗಂಟೆ ಇರಬಹುದು. ಅವಳು ನಮ್ಮ ಹಿತ್ತಲ ಬಾಗಿಲಿನಿಂದ ಫೋನನ್ನು ಕಿವಿಗೆ ಒತ್ತಿಕೊಂಡೇ ಬಂದಳು. ಮುಖ ಬಿಳಿಚಿತ್ತು.

"ಅಮ್ಮಾರೆ, ಪಿಂಚಣಿ ಆಪೀಸ್ನೋರಂತೆ. ಆಪೀಸ್ ಲೆಕ್ಕದಾಗೆ ನಾನು ಸತ್ತೋಗಿದ್ದೀನಂತೆ!"

"ಸ್ಪೀಕರಿಗೆ ಹಾಕು" ಎಂದೆ.

ಗಂಡಸಿನ ದನಿ, ನಯವಾದ ಕನ್ನಡ. "ಗಾಬರಿ ಬೇಡ ಅಮ್ಮ, ನೀವು ಬದುಕಿದ್ದೀರಾ ಅಂತ ನಾವು ಕನ್ಫರ್ಮ್ ಮಾಡ್ಕೋಬೇಕು ಅಷ್ಟೆ."

"ಬದ್ಕಿಲ್ದೆ ಮತ್ತೆ? ಸತ್ತೋಳು ಪೋನ್ ಎತ್ತುತಾಳೇನಪ್ಪಾ?"

"ನನಗೆ ಗೊತ್ತು ಅಮ್ಮ. ಕಂಪ್ಯೂಟರ್‌ಗೆ ಗೊತ್ತಿಲ್ವಲ್ಲ. ಇವತ್ತು ಸಾಯಂಕಾಲದೊಳಗೆ ಅಪ್ಡೇಟ್ ಆಗ್ಲಿಲ್ಲ ಅಂದ್ರೆ ಪಿಂಚಣಿ ನಿಂತುಹೋಗುತ್ತೆ."

ಇದನ್ನು ಕೇಳಿ ನಗಬಹುದು. ನಾವು ನಗಲಿಲ್ಲ. ಹಿಂದೊಮ್ಮೆ ಯಾವುದೋ ಒಂದು ಕಾಗದ ಕೊಡದೆ ಅವಳ ಪಿಂಚಣಿ ನಿಜವಾಗಿಯೂ ಮೂರು ತಿಂಗಳು ನಿಂತಿತ್ತು. ಬದುಕಿದ್ದೇನೆ ಎಂದು ರುಜುವಾತು ಮಾಡಲು ಅವಳು ಎಷ್ಟು ಮೆಟ್ಟಿಲು ಹತ್ತಿಳಿದಳೆಂದು ಜೊತೆಗೆ ಹೋದ ನನ್ನ ಮಂಡಿಗಳಿಗೆ ಗೊತ್ತು. ಸುಳ್ಳು ಹೇಳುವವರು ಸುಳ್ಳನ್ನು ನೆಡುವುದು ಇಂಥ ನಿಜದ ಪಾತಿಯಲ್ಲೇ.

ಆಮೇಲೆ ಅವನು ಅವಳ ಪೂರ್ತಿ ಹೆಸರು ಹೇಳಿದ. ಅಪ್ಪನ ಹೆಸರು ಹೇಳಿದ. "ತವರು ನಿಡುಗಲ್ ಅಲ್ವಾ ಅಮ್ಮ?" ಎಂದ. ಆಧಾರಿನ ಕೊನೆಯ ನಾಲ್ಕು ಅಂಕಿಯನ್ನೂ ಹೇಳಿದ. ಅವಳು ನನ್ನ ಕಡೆ ನೋಡಿ, "ಚೂಡು ಅಮ್ಮಾರೆ, ನಮ್ಮಪ್ಪನ ಹೆಸ್ರು ಸೈತ ಅವ್ರಿಗೆ ಗೊತ್ತೈತೆ!" ಎಂದು ಕಣ್ಣರಳಿಸಿದಳು. ಅಪ್ಪನ ಹೆಸರು ಹೇಳಿದವನು ಅವಳಿಗೆ ನೆಂಟನೇ ಆಗಿಬಿಟ್ಟ.

ಅವನು ಎಟಿಎಂ ಕಾರ್ಡಿನ ನಂಬರು ಕೇಳಿದ, ಆಧಾರಿಗೆ ತಾಳೆ ನೋಡಬೇಕಂತೆ. ಅವಳು ಸೊಂಟದ ಎಲೆಯಡಿಕೆ ಚೀಲದಿಂದ ಸುಣ್ಣದ ಕಲೆಯಾದ ಕಾರ್ಡು ತೆಗೆದು ಓದತೊಡಗಿದಳು. ಹಲ್ಲಿಲ್ಲದ ಬಾಯಲ್ಲಿ ಸೊನ್ನೆಯೆಲ್ಲ ಹೊನ್ನೆ. ಏಳು ಯಾವುದು, ಆರು ಯಾವುದು ಎಂದು ನನಗೇ ತಿಳಿಯುತ್ತಿರಲಿಲ್ಲ.

"ಏನಂದ್ರಿ ಅಮ್ಮ? ಪಕ್ಕದಲ್ಲಿ ಯಾರಾದ್ರೂ ಓದಿದವರಿದ್ದಾರಾ?"

ಓದಿದವರು ಇದ್ದರು. ಓದಿದವರು ಸೆರಗಿಗೆ ಕೈ ಒರೆಸಿಕೊಂಡು, ಫೋನು ತೆಗೆದುಕೊಂಡು, "ಎಸ್? ವಾಟ್ ಎಕ್ಸಾಕ್ಟ್ಲಿ ಡು ಯು ರಿಕ್ವೈರ್?" ಎಂದರು.

ಆ ಕಡೆಯ ದನಿ ಇನ್ನಷ್ಟು ನಯವಾಯಿತು, "ಮೇಡಂ, ಯು ಸ್ಪೀಕ್ ಬ್ಯೂಟಿಫುಲ್ ಇಂಗ್ಲಿಷ್. ನೀವು ಪ್ರೊಫೆಸರಾ?"

ಈ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಒಬ್ಬ ಕಳ್ಳ ಹೇಳಿದ ಆ ಒಂದು ವಾಕ್ಯಕ್ಕೆ ನಾನು ಅರಳಿದ್ದನ್ನು ನೆನೆದರೆ ಈಗಲೂ ಕೆನ್ನೆ ಬಿಸಿಯಾಗುತ್ತದೆ. ಹೌ ಸ್ಟುಪಿಡ್. ಆದರೆ ಬರೆಯಲು ಕೂತ ಮೇಲೆ ಮುಚ್ಚಿಡಬಾರದು. ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಯಾರಾದರೂ ಹೇಳಿ ಎಷ್ಟು ವರ್ಷವಾಗಿತ್ತು! ನಾನು ಕಾರ್ಡಿನ ಎರಡೂ ಕಡೆಯ ನಂಬರುಗಳನ್ನು ಪ್ರೈಜು ಬಂದ ಹುಡುಗಿಯಂತೆ ಓದಿ ಕೊಟ್ಟೆ.

ಟಿಣ್ ಎಂದು ಮೆಸೇಜು ಬಂತು. ಓದಿದೆ. ಅವನು "ವೆರಿ ಗುಡ್ ಮೇಡಂ" ಎಂದ. ಮತ್ತೆ ಟಿಣ್. ಎರಡನೆಯದನ್ನು ಓದುವಾಗ ಮಾತ್ರ ನಾನು ತಡೆದೆ. ಇಷ್ಟು ದಿನ ಕಾಣದ ಒಂದು ಪದ ಅದರಲ್ಲಿತ್ತು. "ಓಟಿಪಿ ಫಾರ್ ಆಡಿಂಗ್ ಬೆನಿಫಿಷಿಯರಿ" ಎಂದಿತ್ತು.

"ಏನಮ್ಮಾರೆ, ಏನಾತು?" ಎಂದಳು ಅವಳು.

ನನಗೆ ಬಂದಿದ್ದು ಸಂಶಯವಲ್ಲ, ಸಮಾಧಾನ. ಸರ್ಕಾರದ ಸ್ಕೀಮುಗಳ ಫಾರಮ್ಮುಗಳನ್ನು ಎಷ್ಟು ತುಂಬಿಲ್ಲ ನಾನು! ಎಲ್ಲದರ ಮೇಲೂ "ನೇಮ್ ಆಫ್ ದ ಬೆನಿಫಿಷಿಯರಿ" ಎಂದಿರುತ್ತದೆ, ಪಕ್ಕದಲ್ಲೇ ಕನ್ನಡದಲ್ಲಿ "ಫಲಾನುಭವಿಯ ಹೆಸರು". ಅಲ್ಲಿ ಅವಳ ಹೆಸರನ್ನು ಬರೆದ ಕೈ ಇದೇ.

"ಏನಿಲ್ಲ, ನಿನ್ನ ಹೆಸರನ್ನ ಮತ್ತೆ ಸೇರಿಸ್ತಿದ್ದಾರೆ" ಎಂದೆ. "ಬೆನಿಫಿಷಿಯರಿ ಅಂತ ಬಂದಿದೆ. ಬೆನಿಫಿಷಿಯರಿ ಅಂದರೆ ನೀನೇ ಕಣೆ." ಆರು ಅಂಕಿಗಳನ್ನೂ ಓದಿದೆ.

ಅವನು ಥ್ಯಾಂಕ್ಸ್ ಹೇಳಿ, ನಾಳೆ ಸಂಜೆಯವರೆಗೆ ಬ್ಯಾಂಕಿನ ಕಡೆ ಹೋಗಬೇಡಿ, ಹೋದರೆ ಸರ್ವರ್ ಡಿಸ್ಟರ್ಬ್ ಆಗುತ್ತದೆ ಎಂದು ಬುದ್ಧಿ ಹೇಳಿ ಫೋನಿಟ್ಟ. ಅವಳು ಎದೆ ಮೇಲೆ ಕೈಯಿಟ್ಟು, "ಬದ್ಕಿಕೊಂಡೆ ಬುಡಿ ಅಮ್ಮಾರೆ" ಎಂದಳು. ನಾನು ಇಬ್ಬರಿಗೂ ಕಾಫಿ ಮಾಡಿದೆ. ನೆಮ್ಮದಿಯಾಗಿ ಕುಡಿದೆವು.

ಕ್ಷೌರಕ್ಕೆ ಹೋಗಿದ್ದ ಯಜಮಾನರು ಒಂದು ಗಂಟೆಯ ಹೊತ್ತಿಗೆ ಬಂದರು. ಅವರಿಗೆ ಊಟ ಬಡಿಸುತ್ತ ನನ್ನ ಪ್ರತಾಪ ಹೇಳಿದೆ. ಬೆನಿಫಿಷಿಯರಿ ಎಂಬ ಪದ ಬಂದಾಗ ತುತ್ತು ಹಿಡಿದ ಕೈ ಅಲ್ಲೇ ನಿಂತಿತು.

"ಮೆಸೇಜು ಎಲ್ಲಿಂದ ಬಂತು? ಪಿಂಚಣಿ ಆಫೀಸಿಂದಲೋ, ಬ್ಯಾಂಕಿಂದಲೋ?"

"ಬ್ಯಾಂಕಿನ ಹೆಸರಿತ್ತು. ಯಾಕೆ?"

"ಲೇ, ಒಬ್ಬ ಉಯಿಲು ಬರೀತಾನೆ. ಅದರಲ್ಲಿ ಬೆನಿಫಿಷಿಯರಿ ಯಾರು? ಬರೆದವನೋ?"

"ಅಲ್ಲ. ಆಸ್ತಿ ಯಾರಿಗೆ ಹೋಗುತ್ತೋ ಅವನು."

"ಹಾಗಾದ್ರೆ ಬ್ಯಾಂಕಿನ ಅಕೌಂಟಿಗೆ ಬೆನಿಫಿಷಿಯರಿ ಅಂತ ಒಬ್ಬನ್ನ ಸೇರಿಸಿದ್ರೆ?"

ನನ್ನ ಕೈಯ ಸೌಟು ಸಾರಿನ ಪಾತ್ರೆಯೊಳಕ್ಕೆ ಜಾರಿತು. ದುಡ್ಡು ಯಾರಿಗೆ ಹೋಗುತ್ತದೋ ಅವನು. ಮೈ ಗಾಡ್, ಆ ಕಳ್ಳನನ್ನು ಅವಳ ಖಾತೆಗೆ ನಾನೇ ಕೈಹಿಡಿದು ಕರೆತಂದು ಕೂರಿಸಿದ್ದೆ, ಇದು ನೀನೇ ಕಣೆ ಎಂದು ಅವಳಿಗೆ ಪರಿಚಯವನ್ನೂ ಮಾಡಿಕೊಟ್ಟಿದ್ದೆ.

"ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ನನ್ನ ಕೋರ್ಟ್ ಇಂಗ್ಲಿಷ್‌ಗೆ ನಗಬೇಡ ಅಂತ" ಎಂದರು ಯಜಮಾನರು, ಕೈ ತೊಳೆಯುತ್ತ. ಅಂಥ ಹೊತ್ತಿನಲ್ಲೂ ಅವರಿಗೆ ಇದನ್ನು ಹೇಳದೆ ಇರಲಾಗಲಿಲ್ಲ.

ಹಿಂದಿನ ಮನೆಗೆ ಹೋಗಿ ಅವಳನ್ನು ಎಬ್ಬಿಸಿದೆ. ಹುಣಸೆ ರಾಶಿಯ ಪಕ್ಕದಲ್ಲೇ ಮಲಗಿದ್ದಳು. "ಬ್ಯಾಂಕಿಗೆ ನಡಿ" ಎಂದರೆ, "ಬ್ಯಾಡಿ ಅಮ್ಮಾರೆ, ಸರ್ವರು ಕೆಡ್ತೈತಂತೆ" ಎಂದಳು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು. "ಅವನು ಕಳ್ಳ ಕಣೆ" ಎಂದೆ. ಅವಳು ನಂಬಲಿಲ್ಲ. "ಕಳ್ಳಂಗೆ ನಮ್ಮಪ್ಪನ ಹೆಸ್ರು ಎಂಗ್ ಗೊತ್ತಾಗ್ತೈತೆ?" "ನಿನ್ನ ಹಲ್ಲಿನ ದುಡ್ಡು ಹೋಗುತ್ತೆ" ಎಂದ ಮೇಲೆ ಎದ್ದಳು. ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತಳು.

ಬ್ಯಾಂಕಿನಲ್ಲಿ ಊಟದ ಹೊತ್ತು. ಬಾಗಿಲಲ್ಲಿದ್ದ ಗಾರ್ಡು ಕೂಪನ್ ತಗೊಳ್ಳಿ, ಕೂತ್ಕೊಳ್ಳಿ ಎಂದ. ಕೂಪನ್ ಕೊಡುವ ಮೆಷಿನ್ನಿನಲ್ಲಿ ಕಾಗದ ಮುಗಿದಿತ್ತು. ನಾನು ಗಾರ್ಡನ್ನೂ ಮೆಷಿನ್ನನ್ನೂ ದಾಟಿಕೊಂಡು ಒಳಗಿನ ಟೇಬಲ್ಲಿಗೆ ಹೋಗಿ ನಿಂತೆ. ಅಲ್ಲಿದ್ದ ಹುಡುಗಿ ಉತ್ತರದ ಕಡೆಯವಳು, ಕನ್ನಡ ಬಾರದು, ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದಳು. ನಾನು ಲಾಸ್ಟ್ ಬೆಂಚಿಗೂ ಕೇಳುವಂತೆ, "ಮೈ ಡಿಯರ್ ಗರ್ಲ್, ಸಮ್‌ಒನ್ ಈಸ್ ರಾಬಿಂಗ್ ದಿಸ್ ವುಮನ್ ಅಟ್ ದಿಸ್ ವೆರಿ ಮೊಮೆಂಟ್!" ಎಂದೆ. ಇಡೀ ಬ್ಯಾಂಕು ತಿರುಗಿ ನೋಡಿತು. ಹುಡುಗಿ ಚಪಾತಿ ಇಟ್ಟು, ಕೈ ಒರೆಸಿಕೊಂಡು, ಕಂಪ್ಯೂಟರ್ ಕಡೆ ತಿರುಗಿದಳು.

ನಮ್ಮ ಹಿಂದಿನ ಮನೆಯವಳು ಪುಣ್ಯವಂತೆ. ಹೊಸದಾಗಿ ಸೇರಿಸಿದ ಬೆನಿಫಿಷಿಯರಿಗೆ ಆ ಬ್ಯಾಂಕಿನಲ್ಲಿ ಕೆಲವು ಗಂಟೆ ಕಳೆಯುವವರೆಗೆ ದುಡ್ಡು ಹೋಗುವುದಿಲ್ಲವಂತೆ. ನಾಳೆ ಸಂಜೆಯವರೆಗೆ ಬ್ಯಾಂಕಿಗೆ ಹೋಗಬೇಡಿ ಎಂದು ಅವನು ಹೇಳಿದ್ದರ ಗುಟ್ಟು ಅದು. ಯಾರೋ ಒಬ್ಬ ಅಪರಿಚಿತ ಅವಳ ಫಲಾನುಭವಿಯಾಗಿ ಪರದೆಯ ಮೇಲೆ ಕೂತಿದ್ದ, ಗಂಟೆ ಕಳೆಯುವುದನ್ನು ಕಾಯುತ್ತಿದ್ದ. ಹುಡುಗಿ ಅವನನ್ನು ಅಳಿಸಿ, ಕಾರ್ಡು ಬ್ಲಾಕ್ ಮಾಡಿ, ಖಾತೆಗೆ ಬೀಗ ಹಾಕಿದಳು. ಆಮೇಲೆ ನನ್ನನ್ನು ನೋಡಿ, ಒರಟಾಗಿ ಏನೂ ಅಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು. "ಆಂಟಿ, ಬಟ್ ಯು ಆರ್ ಎಜುಕೇಟೆಡ್, ನೋ?"

"ಏನಂತೆ ಅಮ್ಮಾರೆ?" ಎಂದಳು ಇವಳು.

ಅರ್ಥ ಹೇಳುವುದು ನನ್ನ ಕೆಲಸವಲ್ಲವೇ. "ಓದಿದವರಿಗೆ ಬುದ್ಧಿ ಇರಲ್ವಾ ಅಂತ ಕೇಳ್ತಿದ್ದಾಳೆ" ಎಂದೆ.

"ಅಯ್ಯೋ, ಅಂಗನ್ಬ್ಯಾಡ ಅನ್ನಿ ಆ ಮಗೀಗೆ. ನಿಮ್ಗೆ ಬುದ್ಧಿ ಐತೆ" ಎಂದಳು. ಸೆರಗು ಸರಿಮಾಡಿಕೊಳ್ಳುತ್ತ, "ಗಂಟ್ಲೇ ವಸಿ ಜಾಸ್ತಿ" ಎಂದಳು.

ದುಡ್ಡು ಉಳಿಯಿತು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೈಬರ್ ದೂರಿನ ಫೋನಿಗೆ ಮಾಡಿದರೆ ಒಂದು ಒತ್ತಿ ಎರಡು ಒತ್ತಿ ಎಂದು ಹಾಡು ಹಾಕಿ ಕೂರಿಸಿದರು. ಕೊನೆಗೆ ಒಬ್ಬಳು ತಾಳ್ಮೆಯ ಹುಡುಗಿ ಸಿಕ್ಕಿ ಎಲ್ಲ ಬರೆದುಕೊಂಡಳು. ವಿಚಾರಣೆ ಮುಗಿಯುವವರೆಗೆ ಖಾತೆ ತೆರೆಯುವುದಿಲ್ಲ ಎಂದರು ಬ್ಯಾಂಕಿನವರು. ಒಂದು ವಾರ ಎಂದದ್ದು ಮೂರಾಯಿತು, ಐದಾಯಿತು. ಹಲ್ಲಿನ ಡಾಕ್ಟರ ಹತ್ತಿರ ಅವಳ ಸೆಟ್ಟು ಸಿದ್ಧವಾಗಿ ಡಬ್ಬಿಯಲ್ಲಿ ಕೂತಿತ್ತು. "ನನ್ನ ಹಲ್ಲು ಅಲ್ಲಿ ನಗ್ತಾ ಕುಂತೈತೆ, ನಾನಿಲ್ಲಿ ಗಂಜಿ ಕುಡೀತಾ ಕುಂತಿದ್ದೀನಿ" ಎನ್ನುತ್ತಿದ್ದಳು. ನಾನು ದುಡ್ಡು ಕೊಡುತ್ತೇನೆಂದರೆ ಬೇಡವೆಂದಳು. ಅವಳ ಪಿಂಚಣಿಯ ಹಲ್ಲೇ ಆಗಬೇಕಂತೆ.

ಅಷ್ಟರ ಮೇಲೆ ಅದೇ ಥರದ ಫೋನುಗಳು ನಿಲ್ಲಲೂ ಇಲ್ಲ. ಒಂದು ದಿನ ಮನೆ ಮಂಜೂರಾಗಿದೆ, ಇನ್ನೊಂದು ದಿನ ಅಕ್ಕಿಯ ಬದಲು ಹಣ. ಎಲ್ಲರಿಗೂ ಅವಳ ಅಪ್ಪನ ಹೆಸರು ಗೊತ್ತು. ಖಾತೆಗಾದರೆ ಬೀಗ ಹಾಕಬಹುದು. ಅಪ್ಪನ ಹೆಸರಿಗೆ ಹೇಗೆ ಹಾಕುವುದು?

ಎಲ್ಲಿಂದ ಸೋರಿತು ಎಂದು ನಾನು ಹುಡುಕಲು ಹೊರಟೆ. ಹಠ ಬಂದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಯಜಮಾನರು ಕಡಲೆಬೀಜ ಕೊಂಡರು. ತಿಂದು ಮುಗಿದ ಪೊಟ್ಟಣವನ್ನು ಬಿಡಿಸಿ ನೋಡಿದರೆ ಆಧಾರ್ ಕಾರ್ಡಿನ ಜೆರಾಕ್ಸು! ಕೊರಟಗೆರೆ ಕಡೆಯ ಯಾರೋ ರೈತನ ಫೋಟೋ, ತಂದೆಯ ಹೆಸರು, ಊರು, ಪೂರ್ತಿ ನಂಬರು, ಅದರ ಮೇಲೆ ಉಪ್ಪು ಖಾರ. ಯಜಮಾನರನ್ನು ಮನೆಗೆ ಕಳಿಸಿ, ನಾನು ಅದನ್ನು ಹಿಡಿದು ಸೀದಾ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಸಿರಾದ ಸಾಬರು, ನಮಗೆ ಹಳೆಯ ಗುರುತು.

"ಇದೇನ್ರೀ ಇದು?" ಎಂದು ಪೊಟ್ಟಣವನ್ನು ಅವರ ಗಾಜಿನ ಮೇಲಿಟ್ಟೆ.

"ಅರೆ ಅಮ್ಮಾ, ನಮ್ ಅಂಗ್ಡೀದಲ್ಲ ಇದು. ನಮ್ ಮೆಷಿನ್ ಇಷ್ಟು ಕಪ್ಪು ಬರಲ್ಲ" ಎಂದರು, ಬೆಳಕಿಗೆ ಹಿಡಿದು. ಆಮೇಲೆ ಕಾಲ ಬಳಿಯ ರದ್ದಿ ಡಬ್ಬದ ಕಡೆ ನೋಡಿದರು. ನಾನೂ ನೋಡಿದೆ. ಸೊಟ್ಟ ಬಂದದ್ದು, ಮಸಿ ಹರಡಿದ್ದು, ಒಂದು ಹೆಚ್ಚಾದದ್ದು, ಡಬ್ಬದ ತುಂಬ ಮುಖಗಳು.

"ಇದೆಲ್ಲ ರದ್ದಿಗೆ ಹೋಗುತ್ತಾ?"

ಅವರು ಗಡ್ಡ ಕೆರೆದುಕೊಂಡರು. "ಹೋಗ್ತಿತ್ತು ಅಮ್ಮಾ. ಇನ್ಮೇಲೆ ಹೋಗಲ್ಲ." ಅಲ್ಲೇ ಕೂತು ಹರಿಯತೊಡಗಿದರು. ಹರಿಯುತ್ತ ನನಗೊಂದು ಪಾಠವನ್ನೂ ಮಾಡಿದರು. ಮೊದಲ ಎಂಟು ಅಂಕಿ ಮುಚ್ಚಿರುವ ಆಧಾರ್ ಸಿಗುತ್ತದೆ, ಬಹಳ ಕಡೆ ಅದೇ ಸಾಕು, ಕೇಳುವವರೇ ಇಲ್ಲ. ಜೆರಾಕ್ಸ್ ಕೊಡಲೇಬೇಕಾದರೆ ಅದರ ಮೇಲೆ ಅಡ್ಡಕ್ಕೆ ಯಾವ ಕೆಲಸಕ್ಕೆ ಕೊಟ್ಟದ್ದೆಂದು ಬರೆಯಿರಿ, ಬೇರೆ ಕಡೆ ನಡೆಯುವುದಿಲ್ಲ. "ಹೇಳಿದ್ರೆ ಜನ ನನ್ನೇ ಬೈತಾರೆ ಅಮ್ಮಾ. ಜಲ್ದಿ ಕೊಡಪ್ಪಾ, ಬಸ್ ಹೋಗುತ್ತೆ ಅಂತಾರೆ."

ಜಂಬದಿಂದ ಮನೆಗೆ ಬಂದು ಯಜಮಾನರಿಗೆ ಈ ಪತ್ತೇದಾರಿಯನ್ನೆಲ್ಲ ವರದಿ ಮಾಡಿದೆ. ಅವರು ಎದ್ದು, ಕಟ್ಟೆಯ ಮೇಲಿನ ಕಿಟಕಿಯಿಂದ ನನ್ನ ನೀಲಿ ಡೈರಿಯನ್ನು ತಂದು ಮುಂದಿಟ್ಟರು. ಪ್ರತಿ ಸಲ ಫಾರಮ್ಮು ತುಂಬುವಾಗ ಕೇಳುವುದೇಕೆಂದು ಬೀದಿಯ ಹದಿನೆಂಟು ಹೆಂಗಸರ ಹೆಸರು, ತಂದೆ ಗಂಡನ ಹೆಸರು, ತವರು, ಆಧಾರ್ ನಂಬರು, ಖಾತೆ ನಂಬರುಗಳನ್ನು ನನ್ನ ಕಾನ್ವೆಂಟಿನ ಕರ್ಸಿವ್ ಅಕ್ಷರದಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೆ. ಬೀದಿಗೆ ತೆರೆದ ಕಿಟಕಿ. ಹೋಗಿ ಬರುವವರೆಲ್ಲ ಬಸ್ಸಿನ ಟೈಮು ನೋಡಲು ಕೈ ಹಾಕಿ ತೆಗೆದು ನೋಡುತ್ತಿದ್ದ ಡೈರಿ. ಅದರ ಹಿಂದಿನ ಪುಟದಲ್ಲಿ ತುಮಕೂರು ಬಸ್ಸುಗಳ ಪಟ್ಟಿಯಿತ್ತು.

"ಈ ಬೀದಿಯ ಸರ್ವರು ನೀನೇ" ಎಂದರು. "ಒಂದು ದಿನವೂ ಡೌನ್ ಆಗಿರ್ಲಿಲ್ಲ."

ಕಳ್ಳನಿಗೆ ಸಿಕ್ಕಿದ್ದು ಡೈರಿಯೋ, ಪೊಟ್ಟಣವೋ, ಇನ್ನೆಲ್ಲೋ ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಗೊತ್ತಾಗುವುದೂ ಇಲ್ಲ. ಬಸ್ಸಿನ ಪಟ್ಟಿ ಒಂದನ್ನು ಬಿಟ್ಟು ಎಲ್ಲ ಪುಟಗಳನ್ನೂ ನೀರೊಲೆಗೆ ಹಾಕಿದೆ. ಎಷ್ಟು ಚೆಂದದ ಅಕ್ಷರ!

ಆ ವಾರಗಳಲ್ಲೇ ಅವಳು ಒಂದು ಮಧ್ಯಾಹ್ನ ಬಂದು, ಮೆಸೇಜು ಓದಿ ಎನ್ನದೆ, ಬೇರೆಯೇ ಒಂದನ್ನು ಕೇಳಿದಳು. "ಅಮ್ಮಾರೆ, ನಂಗೆ ಅಂಕಿ ಬರ್ತೈತೆ. ತಕ್ಕಡೀಲಿ ನೋಡ್ತೀನಿ, ಬಸ್ಸಲ್ಲಿ ನೋಡ್ತೀನಿ. ಮೆಸೇಜಾಗೆ ಯಾವುದು ಆ ನಂಬ್ರು ಅಂತ ಗುರ್ತು ಹೇಳ್ಕೊಡಿ, ಸಾಕು." ಹಳೆಯ ಮೆಸೇಜುಗಳನ್ನು ತೆಗೆದು, ಆರು ಅಂಕಿ ಒಟ್ಟಿಗೆ ಒಂಟಿಯಾಗಿ ನಿಂತಿರುತ್ತದೆ, ರೂಪಾಯಿಯ ಗುರುತು ಇರುವುದಿಲ್ಲ ಎಂದು ತೋರಿಸಿದೆ. ಎರಡೇ ದಿನದಲ್ಲಿ ಹಿಡಿದಳು. ನಾನು ಇಷ್ಟು ವರ್ಷ ಓದಿ ಹೇಳಿದೆನೇ ಹೊರತು ಇದನ್ನು ಕಲಿಸಲಿಲ್ಲ. ಕಲಿಸಿದ್ದರೆ ಅವಳು ನನ್ನ ಹತ್ತಿರ ಬರುತ್ತಿರಲಿಲ್ಲವಲ್ಲ.

ಆರನೆಯ ವಾರ ಬ್ಯಾಂಕಿನಿಂದ ಚೀಟಿ ಬಂತು. ಹೋದೆವು. ಅದೇ ಹುಡುಗಿ. ಖಾತೆ ತೆರೆಯಲು ಹೆಬ್ಬೆಟ್ಟು ಒತ್ತಬೇಕೆಂದಳು. ಅದು ಹತ್ತುವುದಿಲ್ಲ ಎಂದೆ. ಆದರೂ ನೋಡೋಣ ಎಂದಳು. ಬಲಗೈ ಹೆಬ್ಬೆಟ್ಟು, ಎಡಗೈ ಹೆಬ್ಬೆಟ್ಟು, ತೋರುಬೆರಳು. ಒರೆಸಿ ಒಮ್ಮೆ, ಒದ್ದೆ ಮಾಡಿ ಒಮ್ಮೆ. ಮೆಷಿನ್ನು ಕೆಂಪು ದೀಪ ತೋರಿಸುತ್ತಲೇ ಇತ್ತು. ಹಿಂದೆ ಸಾಲಿನಲ್ಲಿದ್ದವರು ಲೊಚಗುಟ್ಟತೊಡಗಿದರು. ಕೊನೆಗೆ ಹುಡುಗಿ ನಿಟ್ಟುಸಿರಿಟ್ಟು, "ಓಕೆ, ಓಟಿಪಿ" ಎಂದಳು.

ಇವಳ ಕೈಯಲ್ಲಿ ಫೋನು ಟಿಣ್ ಎಂದಿತು. ನನ್ನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಯಿತು. ಕನ್ನಡಕವೂ ಮೂಗಿನ ಮೇಲೆ ಬಂದಿತ್ತು.

ಅವಳು ಫೋನನ್ನು ಎದೆಗವಚಿಕೊಂಡಳು. "ಬ್ಯಾಡ."

"ನಾನು ಕಣೆ" ಎಂದೆ.

"ಗೊತ್ತು ಬುಡಿ. ನೀವೇ ಅಂತ್ಲೇ ಬ್ಯಾಡ ಅಂದೆ." ಆಮೇಲೆ ಹುಡುಗಿಗೆ, "ಯಾರ್ಗೂ ಹೇಳಲ್ಲಮ್ಮ ನಾನು. ನಿಂಗೂ ಹೇಳಲ್ಲ. ಒತ್ತೋ ಮೆಷಿನ್ ಕೊಡು" ಎಂದಳು.

ಹುಡುಗಿಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ನಗುತ್ತ, ಅಂಕಿ ಒತ್ತುವ ಪುಟ್ಟ ಡಬ್ಬಿಯನ್ನು ಅವಳ ಕಡೆ ತಳ್ಳಿದಳು. ಇವಳು ಸೆರಗನ್ನು ತಲೆಯ ಮೇಲಿಂದ ಮುಂದಕ್ಕೆಳೆದು ಡಬ್ಬಿಗೂ ಫೋನಿಗೂ ಸೇರಿಸಿ ಒಂದು ಗುಡಾರ ಮಾಡಿಕೊಂಡಳು. ಒಳಗಿನಿಂದಲೇ, "ಅಮ್ಮಾರೆ, ನೀವೂ ವಸಿ ಅತ್ಲಾಗೆ ತಿರುಕ್ಕಳಿ" ಎಂದಳು.

ಮೂವತ್ತು ವರ್ಷದ ಗೆಳತಿಗೆ ಹೇಳುವ ಮಾತೇ ಅದು? ತಿರುಗಿಕೊಂಡೆ. ಗೋಡೆಯ ಮೇಲೆ ಗೃಹಸಾಲದ ಪೋಸ್ಟರಿನಲ್ಲಿ ಒಂದು ಸಂಸಾರ ನಗುತ್ತಿತ್ತು. ನನ್ನ ಬೆನ್ನ ಹಿಂದೆ ಒಂದು ಬೀಪ್. ಬಹಳ ಹೊತ್ತು. ಇನ್ನೊಂದು ಬೀಪ್. ಸಾಲಿನಲ್ಲಿದ್ದ ಗಂಡಸೊಬ್ಬ, "ಏನಜ್ಜಿ, ಹುಣಸೆಹಣ್ಣು ಕುಟ್ತಿದ್ದೀಯಾ ಒಳಗೆ?" ಎಂದ. "ನೀನು ಮುಚ್ಕೊಂಡು ನಿಂತ್ಕಳ್ಳಾ" ಎಂದು ಗುಡಾರದಿಂದ ಉತ್ತರ ಬಂತು. ಎಲ್ಲೋ ತಪ್ಪಾಯಿತೆಂದು ಕಾಣುತ್ತದೆ, ಹುಡುಗಿ "ಅಗೇನ್" ಎಂದಳು, ಮತ್ತೆ ಮೊದಲಿನಿಂದ. ನನ್ನ ನಾಲ್ಕು ಸೆಕೆಂಡಿನ ಕೆಲಸ. ನನಗೆ ಕೈ ಕಾಲು ತುರಿಸುವಷ್ಟು ಅಸಹನೆ, ಆದರೂ ತಿರುಗಲಿಲ್ಲ. ನಾಲ್ಕು, ಐದು, ಆರು ಎಂದು ಬೀಪುಗಳನ್ನು ಮಾತ್ರ ಎಣಿಸಿದೆ.

"ಡನ್" ಎಂದಳು ಹುಡುಗಿ.

ಅವಳು ಸೆರಗು ಸರಿಸಿ ಹೊರಬಂದಳು. ಹಣೆಯೆಲ್ಲ ಬೆವರು. ಬೋಳು ಬಾಯಿ ಅಗಲಿಸಿ ನಕ್ಕು, ನನ್ನ ತೋಳು ಹಿಡಿದು ಎಳೆದಳು.

"ಆತು, ನಡೀರಿ ಅಮ್ಮಾರೆ, ಹಲ್ಲಿನ್ ಡಾಕ್ಟ್ರ ತಾವ ಹೋಗಾನ. ಅಲ್ಲಿ ನೀವೇ ಮಾತಾಡಿ. ಎಷ್ಟು ಬೇಕಾದ್ರೂ ಕೂಗಿ."